ಸುಂದರಿಯ ‘ಅವರು’

ಕುಂಬಳೆ ಸ್ಟೇಷನ್ನಿನಿಂದ ಸ್ವಲ್ಪ ಒಳಗೆ ಆಂಬ್ರೋಸ್ ಪೊರ್ಬುಗಳ ಮನೆ. ನಮ್ಮ ಕಡೆ ತುಳುವರು ಕ್ರಿಶ್ಚಿಯನ್ ಯಜಮಾನರನ್ನು ಪೊರ್ಬು ಎಂದೂ ಯಜಮಾನಿಯನ್ನು ಬಾಯಮ್ಮ ಎಂದೂ ಕರೆಯುತ್ತಾರೆ. ಪೊರ್ಬುಗಳು ಕುವೈಟಿನ ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಊರಿನ ಮನೆಯಲ್ಲಿ ಅವರ ಹೆಂಡತಿ ಮಗ್ದಲಿನ್, ತಾಯಿ ಹಿಲ್ಡಾ, ಮತ್ತೆ ನೆಕ್ರಾಜೆಯಿಂದ ಕೆಲಸಕ್ಕೆ ಬಂದ ಸುಂದರಿ. ಸುಂದರಿಗೆ ಆಗ ಇಪ್ಪತ್ತರ ಆಚೆ ಈಚೆ. ಅವಳಿಗೆ ಎರಡು ವಿಷಯದಲ್ಲಿ ಹೆಸರಿತ್ತು. ಒಂದು ಮೀನು ಆರಿಸುವುದು, ಇನ್ನೊಂದು ಎದುರುತ್ತರ ಕೊಡುವುದು.

ಮೀನು ಮಾರ್ಕೆಟಿನ ಪಕ್ಕದ ಹೋಟೆಲಿನಲ್ಲಿ ಬೆಳ್ಳೂರಿನ ಲೋಕಯ್ಯ ಅಡುಗೆಯವನಾಗಿದ್ದ. ಬೆಳಗ್ಗೆ ಇಬ್ಬರೂ ಒಂದೇ ಬುಟ್ಟಿಯ ಮುಂದೆ ಕೂತು ಒಂದೇ ಬಂಗುಡೆಗೆ ಕೈ ಹಾಕುವುದು, ಜಗಳ ಆಗುವುದು. ನಿನ್ನ ಹೋಟೆಲಿನ ಸಾರಿನಲ್ಲಿ ಮೀನು ಈಜಿಕೊಂಡು ಹೋಗಬಹುದು ಎಂದು ಅವಳು. ನಿನ್ನ ಬಾಯಿಯಲ್ಲಿ ಇಷ್ಟು ಖಾರ ಇರುವಾಗ ಬಾಯಮ್ಮ ಮೆಣಸು ಯಾಕೆ ತರುತ್ತಾರೋ ಎಂದು ಅವನು. ಜಗಳ ಮುಗಿಯದ ಕಾರಣ ಮರುದಿನವೂ ಬರಬೇಕಾಗುತ್ತಿತ್ತು. ಮುಗಿಸುವ ಅವಸರ ಇಬ್ಬರಿಗೂ ಇರಲಿಲ್ಲ. ಎಂಬತ್ತೆಂಟರಲ್ಲಿ ಪೊರ್ಬುಗಳು ತಮ್ಮ ಕಂಪನಿಯ ಮೆಸ್ಸಿಗೆಂದು ಲೋಕಯ್ಯನನ್ನು ಕುವೈಟಿಗೆ ಕರೆದುಕೊಂಡು ಹೋದರು. ಹೊರಡುವ ಮುಂಚೆ ಅವನು ಪೊರ್ಬುಗಳ ಅಡುಗೆಕೋಣೆಯ ಬಾಗಿಲಲ್ಲಿ ನಿಂತು, ಬಂದ ಮೇಲೆ ಮನೆಗೆ ಬಂದು ಕೇಳುತ್ತೇನೆ ಎಂದ. ಎಂತ ಕೇಳುವುದೆಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ.

ಶುಕ್ರವಾರ ಪೊರ್ಬುಗಳ ಫೋನು ಬರುವುದು. ಆ ಹೊತ್ತಿಗೆ ಸುಂದರಿಗೆ ಫೋನಿನ ಹತ್ತಿರದ ಕಿಟಕಿಯಲ್ಲೇ ಧೂಳು ಕಾಣುವುದು. ಊರಲ್ಲಿ ಬಂಗುಡೆ ಸಿಗುತ್ತದಾ ಎಂದು ಲೋಕಯ್ಯ ಕೇಳುತ್ತಾನಂತೆ ಎಂದು ಬಾಯಮ್ಮ ನಗುತ್ತಾ ಹೇಳುವರು. ಸಿಗುತ್ತದೆ, ಆದರೆ ಜಗಳಕ್ಕೆ ಜನ ಇಲ್ಲ ಎಂದು ಹೇಳಿ ಎನ್ನುವಳು ಸುಂದರಿ. ಪಾಪ, ಆ ಹುಡುಗನಿಗೆ ಮೀನಿನ ಆಸೆ ಎಷ್ಟು ಎಂದು ಬಾಯಮ್ಮ ಮರುಗುವರು. ಮೂಲೆಯಲ್ಲಿ ಜಪಮಣಿ ಹಿಡಿದ ಹಿಲ್ಡಾ ಬಾಯಮ್ಮ ಮಾತ್ರ ಕಣ್ಣು ತೆರೆದು ಒಮ್ಮೆ ಸುಂದರಿಯನ್ನು ನೋಡಿ ಮತ್ತೆ ಮುಚ್ಚುವರು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈಟಿಗೆ ನುಗ್ಗಿತು. ಫೋನು ಸತ್ತುಹೋಯಿತು. ನಮ್ಮ ಊರಿನಲ್ಲಿ ಗಲ್ಫಿನ ಅನ್ನ ಉಣ್ಣದ ಮನೆ ಕಡಿಮೆ. ಆ ತಿಂಗಳು ಎಲ್ಲರೂ ರೇಡಿಯೋಕ್ಕೆ ಕಿವಿ ಹಚ್ಚಿ ಕೂತರು. ಮಗ್ದಲಿನ್ ಬಾಯಮ್ಮ ಎರಡು ದಿನ ಅತ್ತು ಮೂರನೆಯ ದಿನ ಸುಧಾರಿಸಿಕೊಂಡರು. ಸುಂದರಿ ಸುಧಾರಿಸಿಕೊಳ್ಳಲಿಲ್ಲ. ಅನ್ನ ಸೀದುಹೋಗುತ್ತಿತ್ತು, ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಕೊನೆಗೆ ಒಂದು ದಿನ ಅವಳು ಕೊರಗಜ್ಜ ದೈವಕ್ಕೆ ಹರಕೆ ಹೇಳಿಕೊಂಡಿದ್ದೇನೆ ಎಂದಳು. “ಅವರು ಬರುವವರೆಗೆ ನಾನು ಮೀನು ಮುಟ್ಟುವುದಿಲ್ಲ ಬಾಯಮ್ಮ.”

ಬಾಯಮ್ಮನ ಕಣ್ಣು ತುಂಬಿತು. ಗಂಡನ ಮೇಲೆ ಕೆಲಸದ ಹುಡುಗಿಗೆ ಇಷ್ಟು ನಿಷ್ಠೆ! ಆದಿತ್ಯವಾರ ಇಗರ್ಜಿಯ ಮೆಟ್ಟಿಲಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಅದೇ ಹೊತ್ತಿಗೆ ನೆಕ್ರಾಜೆಯಿಂದ ಸುಂದರಿಯ ತಾಯಿ ಅಮ್ಮು ಒಂದು ಸಂಬಂಧ ಹಿಡಿದುಕೊಂಡು ಬಂದಳು. ಅವರು ಬರದೆ ನನಗೆ ಮದುವೆ ಬೇಡ ಎಂದಳು ಸುಂದರಿ. ನೋಡು ಅಮ್ಮು, ಎಂಥ ಮಗಳನ್ನು ಹೆತ್ತಿದ್ದೀ ಎಂದು ಬಾಯಮ್ಮ ಅವಳ ಕೈ ಹಿಡಿದುಕೊಂಡರು. ಸಂಬಂಧ ತಂದ ತಾಯಿ ಹೊಗಳಿಕೆ ಕಟ್ಟಿಕೊಂಡು ವಾಪಸು ಹೋದಳು. ಸುಂದರಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವರು ಯಾರು ಎಂದು ಯಾರೂ ಕೇಳಲಿಲ್ಲ, ಅಷ್ಟೆ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಗೇಟಿನ ಮುಂದೆ ಟ್ಯಾಕ್ಸಿ ನಿಂತಿತು. ಬಾಯಮ್ಮನಿಗಿಂತ ಮೊದಲು ಓಡಿದ್ದು ಸುಂದರಿ. ಗಡ್ಡ ಬಿಟ್ಟು, ಸೊರಗಿ ಅರ್ಧವಾದ ಪೊರ್ಬುಗಳು ಕಾರಿನಿಂದ ಇಳಿದರು. ಅವಳು ಅವರ ಬೆನ್ನ ಹಿಂದೆ ನೋಡಿದಳು, ಹಿಂದಿನ ಸೀಟು ನೋಡಿದಳು, ಡ್ರೈವರನ ಮುಖವನ್ನೂ ನೋಡಿದಳು. ಆಮೇಲೆ ನೀರು ತರುತ್ತೇನೆಂದು ಒಳಗೆ ಹೋದವಳು ತುಂಬ ಹೊತ್ತು ಹೊರಗೆ ಬರಲಿಲ್ಲ.

ಆ ಸಂಜೆ ಬಾಯಮ್ಮ ತಾವೇ ಅಂಜಲ್ ಮೀನು ತರಿಸಿ ಹುರಿದರು. ದೊಡ್ಡ ತುಂಡನ್ನು ಸುಂದರಿಯ ಬಟ್ಟಲಿಗೆ ಹಾಕಿದರು. ಅವಳು ಬರೀ ಗಂಜಿ ಉಂಡಳು.

“ಪೊರ್ಬು ಬಂದರಲ್ಲ, ಇನ್ನೆಂತ? ತಿನ್ನು.”

ಸುಂದರಿ ತುಂಡನ್ನು ಬಟ್ಟಲಿನ ಬದಿಗೆ ಸರಿಸಿದಳು. ಹಿಲ್ಡಾ ಬಾಯಮ್ಮ ಮುಳ್ಳು ಬಿಡಿಸುತ್ತಾ ಹೇಳಿದರು: “ನಿನ್ನ ಗಂಡ ಬಂದ ಮಾರಾಯ್ತಿ. ಅವಳ ‘ಅವರು’ ಇನ್ನೂ ಬರಲಿಲ್ಲ.”

ಬಾಯಮ್ಮನಿಗೆ ವಿಷಯ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದದ್ದೇ ಮುಖ ಕೆಂಪಾಯಿತು. ಇಗರ್ಜಿಯಲ್ಲಿ ಎಷ್ಟು ಜನರಿಗೆ ಹೇಳಿದ್ದೆ ಎಂದು ನೆನಪಾಗಿರಬೇಕು. ಮೂರು ದಿನ ಅವರು ಸುಂದರಿಯ ಹತ್ತಿರ ಬೇಕಾದಷ್ಟೇ ಮಾತಾಡಿದರು. ಆದರೆ ನಾಲ್ಕನೆಯ ದಿನ ಗಂಡನನ್ನು ಕೂರಿಸಿ, ಆ ಹುಡುಗ ಎಲ್ಲಿದ್ದಾನೆ ಎಂದು ಸರಿಯಾಗಿ ಹೇಳಿ ಎಂದು ಕೇಳಿದರು. ಸುಂದರಿ ಬಾಗಿಲ ಹಿಂದೆ ನಿಂತಿದ್ದಳು.

ಪೊರ್ಬುಗಳು ಹೇಳಿದರು. ಜೋರ್ಡಾನಿನ ಗಡಿಯವರೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು. ಅಲ್ಲಿ ಮರಳಿನ ಮೇಲೆ ಡೇರೆಗಳು, ಸಾವಿರಾರು ಜನ, ನೀರಿಗೂ ಸಾಲು. ದಾನದ ಅಕ್ಕಿ ಬಂತು, ಬೇಯಿಸುವವರಿಲ್ಲ. ಲೋಕಯ್ಯ ಸೌಟು ಹಿಡಿದ. ವಿಮಾನಕ್ಕೆ ಹೆಸರು ಕೂಗಿದಾಗ ಪೊರ್ಬುಗಳು ಓಡಿ ಹೋಗಿ ಕರೆದರು. ಒಲೆಯಿಂದ ಈ ಅನ್ನದ ಚರಿಗೆ ಇಳಿಸಿ ಬರುತ್ತೇನೆ, ನೀವು ನಡೆಯಿರಿ ಎಂದನಂತೆ. ಅವನ ಜಾಗದಲ್ಲಿ ಬೇರೊಬ್ಬ ಹತ್ತಿದ.

“ಅವನಿಗೆ ಬುದ್ಧಿ ಇಲ್ಲ” ಎಂದಳು ಸುಂದರಿ ಬಾಗಿಲ ಹಿಂದಿನಿಂದ. ಸ್ವರದಲ್ಲಿ ಸಿಟ್ಟಿನ ಜೊತೆ ಹೆಮ್ಮೆಯೂ ಇತ್ತು.

ಮರುದಿನದಿಂದ ಮಗ್ದಲಿನ್ ಬಾಯಮ್ಮ ಮೀನು ಬಿಟ್ಟರು. ಮೀನಿಲ್ಲದೆ ಊಟಕ್ಕೆ ಕೂರದ ಹೆಂಗಸು, ಬದನೆಯನ್ನು ಶತ್ರುವಿನ ಹಾಗೆ ನೋಡುತ್ತಾ ಉಂಡರು. ಕೇಳಿದವರಿಗೆ, ಪಿತ್ತ ಎಂದರು. ಹಿಲ್ಡಾ ಬಾಯಮ್ಮ ಮಾತ್ರ, ನನ್ನ ವಯಸ್ಸಿಗೆ ಹರಕೆ ಆಗುವುದಿಲ್ಲ ಎಂದು ಇಬ್ಬರ ಪಾಲನ್ನೂ ತಿಂದರು.

ಅಕ್ಟೋಬರಿನಲ್ಲಿ ಲೋಕಯ್ಯ ಬಂದ. ಉಟ್ಟ ಬಟ್ಟೆ, ಸುಟ್ಟ ಮುಖ. ಮಾತು ಕೊಟ್ಟ ಹಾಗೆ ಮನೆಗೆ ಬಂದು ನಿಂತವನು, ನನ್ನ ಕೈಯಲ್ಲಿ ಈಗ ಎಂತ ಇಲ್ಲ, ಕೇಳುವ ಮುಖವೂ ಇಲ್ಲ ಎಂದು ಪೊರ್ಬುಗಳಿಗೆ ಹೇಳಿದ. ಸುಂದರಿ ಅಂಗಳ ಗುಡಿಸುವುದು ನಿಲ್ಲಿಸದೆ ಹೇಳಿದಳು:

“ಚರಿಗೆ ಇಳಿಸಿ ಆಯಿತಾ? ಹಾಗಾದರೆ ಕೇಳು.”

ಮದುವೆ ನೆಕ್ರಾಜೆಯಲ್ಲಾಯಿತು. ಆ ಹೊತ್ತಿಗೆ ಕುವೈಟಿನ ಕಡೆ ಬಾಂಬು ಬೀಳಲು ಶುರುವಾಗಿತ್ತು. ಊಟಕ್ಕೆ ಕೂತವರಿಗೆಲ್ಲ ಅದೇ ಮಾತು. ಯುದ್ಧ ಮುಗಿದ ಮೇಲೆ ಪೊರ್ಬುಗಳು ಹಿಂದಿರುಗಿ ಹೋಗುವಾಗ, ನೀನೂ ಬಾ ಎಂದು ಲೋಕಯ್ಯನನ್ನು ಕರೆದರು. ಅವನು ಹೆಂಡತಿಯ ಮುಖ ನೋಡಿದ. ಕಾಯುವ ಕೆಲಸ ಒಂದು ಸಲ ಮಾಡಿ ಆಯಿತು, ಇನ್ನು ಅದು ಬಾಯಮ್ಮನಿಗೇ ಇರಲಿ ಎಂದಳು ಸುಂದರಿ. ಬಾಯಮ್ಮ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ಇಬ್ಬರೂ ಬೆಳ್ಳೂರಿನಲ್ಲಿದ್ದಾರೆ. ಸುತ್ತಿನ ಮದುವೆಗಳಿಗೆಲ್ಲ ಲೋಕಯ್ಯನದೇ ಅಡುಗೆ. ಸುಂದರಿ ಜೊತೆಗೆ ಹೋಗಿ ಒಲೆಯ ಹತ್ತಿರ ಕುರ್ಚಿ ಹಾಕಿ ಕೂರುತ್ತಾಳೆ. ಉಪ್ಪು ನೋಡಲಿಕ್ಕೆ ಎಂದು ಅವಳು ಹೇಳುವುದು.