ಬಾಯಮ್ಮನ ಅರ್ಧ ಪ್ರಾರ್ಥನೆ

ಸೆವ್ರಿನ್ ಬಾಯಮ್ಮ ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಕುವೈತಿನ ಸಾಲ್ಮಿಯಾದಲ್ಲಿ ಅವರ ಫ್ಲ್ಯಾಟಿಗೂ ನಮ್ಮದಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಹೆಸರಿಗೆ. ಸಂಜೆಯಾದರೆ ಅವರ ಕೊಂಕಣಿ ಜಪ ನಮ್ಮ ಅಡುಗೆಮನೆಗೇ ಕೇಳುತ್ತಿತ್ತು. ಅವರ ದೊಡ್ಡ ಗಂಟಲು ಅರ್ಧ ಹೇಳಿ ಗಕ್ಕನೆ ನಿಂತರೆ, ಜೊತೆಗಿದ್ದ ಇಬ್ಬರು ನರ್ಸ್ ಹುಡುಗಿಯರು ಉಳಿದದ್ದನ್ನು ಹೇಳಿ ಮುಗಿಸುತ್ತಿದ್ದರು. ಅವರ ಪದ್ಧತಿ ಇರಬೇಕು ಎಂದುಕೊಂಡೆ. ಆದರೆ ಹುಡುಗಿಯರು ಡ್ಯೂಟಿಗೆ ಹೋಗಿ ಒಬ್ಬರೇ ಇದ್ದ ದಿನವೂ ಬಾಯಮ್ಮ ಅರ್ಧ ಹೇಳಿ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತು ಮೌನ, ಮತ್ತೆ ಅರ್ಧ. ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಹಾಗಾದರೆ ಉತ್ತರ ಹೇಳುವವರು ಯಾರು?

ನಾನು ಕಾಪುವಿನವಳು, ಬಾಯಿ ಸುಮ್ಮನಿರುವ ಜಾತಿಯಲ್ಲ. ಒಂದು ದಿನ ಕೇಳಿಯೇ ಬಿಟ್ಟೆ.

"ಎಂತ ಮಾರಾಯ್ತಿ, ಗೋಡೆಗೆ ಕಿವಿ ಕೊಟ್ಟು ಕೂತ್ಕೊಳ್ತೀಯಾ?" ಎಂದು ಮೈ ಕುಲುಕಿಸಿ ನಕ್ಕರು. "ನೋಡು ಸುಮತಿ, ತೇರ್ಸಲ್ಲಿ, ಅಂದ್ರೆ ನಮ್ಮ ಜಪಮಾಲೆ ಪ್ರಾರ್ಥನೆಯಲ್ಲಿ, ಮುಂದೆ ಹೇಳುವವಳಿಗೆ ಅರ್ಧ ಮಾತ್ರ. ಇನ್ನರ್ಧ ಉಳಿದವರದ್ದು. ಅದನ್ನೂ ನಾನೇ ನುಂಗಿದ್ರೆ ಅವರಿಗೆ ಎಂತ ಉಂಟು?"

"ಯಾರೂ ಇಲ್ಲದಾಗ?"

"ಬೊಂಬಾಯಲ್ಲಿ ಮಗ ಇದ್ದಾನಲ್ಲ. ಅವನು ಹೇಳ್ತಾನೆ ಅಂತ ಲೆಕ್ಕ."

ಆ ಮಗ ಹೇಳುತ್ತಿದ್ದನೋ ಇಲ್ಲವೋ ದೇವರೇ ಬಲ್ಲ.

ಬಾಯಮ್ಮ ದಪ್ಪ ಆಳು, ಹೂವಿನ ಮ್ಯಾಕ್ಸಿ, ಹೆಗಲ ಮೇಲೆ ಸದಾ ಒಂದು ಟವೆಲು. ಒಂದು ಆಸ್ಪತ್ರೆಯ ಅಡುಗೆಮನೆಗೆ ಅವರೇ ಮೇಲ್ವಿಚಾರಕಿ. ಆದರೂ ಅವರು ಯಾರಿಗೂ "ಮಾಡು" ಎಂದದ್ದನ್ನು ನಾನು ಕೇಳಲಿಲ್ಲ. "ಮಾಡುವಾ" ಎನ್ನುತ್ತಿದ್ದರು, ಎಂದವರೇ ಮೊದಲು ಬಗ್ಗುತ್ತಿದ್ದರು. ಇಂಥವರ ಮಾತನ್ನು ಜನ ಯಾಕೆ ಕೇಳುತ್ತಾರೆ ಎಂಬುದು ನನಗೆ ದೊಡ್ಡ ಒಗಟು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ನನ್ನ ಗಂಡ ರಜೆಯ ಮೇಲೆ ಊರಿಗೆ ಹೋಗಿದ್ದರು. ಫೋನು ಸತ್ತಿತ್ತು. ನಾನು ಬದುಕಿದ್ದೇನೆ ಎಂದು ಅವರಿಗೆ ತಿಳಿಸುವ ದಾರಿಯೇ ಇರಲಿಲ್ಲ. ಊರು ಸೇರಬೇಕು ಎನ್ನುವುದೊಂದೇ ನನ್ನ ಹುಚ್ಚು. ಬಿಲ್ಡಿಂಗಿನ ನಾವೆಲ್ಲ ಇದ್ದಬದ್ದ ಅಕ್ಕಿಬೇಳೆ ಸೇರಿಸಿ ಬಾಯಮ್ಮನ ಮನೆಯಲ್ಲೇ ಊಟ ಮಾಡತೊಡಗಿದೆವು. ಮೇಲಿನ ಮಹಡಿಯ ಮೈಸೂರಿನ ಎಂಜಿನಿಯರ್ ರಾಯರು, "ನೋಡಿ ಇವ್ರೇ, ಒಂದು ಕಮಿಟಿ ಬೇಕು, ಒಬ್ಬ ಅಧ್ಯಕ್ಷ ಬೇಕು" ಎಂದರು. ಅಧ್ಯಕ್ಷ ಯಾರಾಗಬೇಕೆಂದು ಅವರ ಮುಖದಲ್ಲೇ ಬರೆದಿತ್ತು.

ಬಾಯಮ್ಮ ಸೌಟನ್ನು ಅವರ ಕೈಗಿಟ್ಟರು. "ಆಯ್ತು, ಇವತ್ತು ನೀವೇ. ಸೌಟು ಯಾರ ಕೈಯಲ್ಲಿ ಉಂಟೋ ಆ ದಿನ ಅವರದ್ದೇ ಕೊನೇ ಮಾತು. ಆದ್ರೆ ಊಟಕ್ಕಾಗಲಿ, ನೀರಿಗಾಗಲಿ, ಹೋಗುವ ಬಸ್ಸಿಗಾಗಲಿ, ಅವರು ಎಲ್ಲರಿಗಿಂತ ಹಿಂದೆ. ನಾಳೆ ಇನ್ನೊಬ್ಬರು."

ರಾಯರು ಉದಾರವಾಗಿ ಬಡಿಸಿದರು. ತಮ್ಮ ಸರದಿ ಬಂದಾಗ ಪಾತ್ರೆಯಲ್ಲಿ ಸಾರೇ ಇರಲಿಲ್ಲ! ಒಣ ಖುಬ್ಜ್ ರೊಟ್ಟಿ ಜಗಿಯುತ್ತ, "ಅಧ್ಯಕ್ಷಗಿರಿ ಖಲಾಸ್ ಕಣಮ್ಮ" ಎಂದರು ಪಾಪ. ಆದರೆ ಮುಂದಿನ ಸಲ ಅವರು ಬಡಿಸುವ ಮೊದಲು ಪ್ರತಿಯೊಬ್ಬರ ಮುಖ ನೋಡಿದರು, ಯಾರಿಗೆ ಹಸಿವು ಜಾಸ್ತಿ ಎಂದು.

"ಇದನ್ನೆಲ್ಲ ಎಲ್ಲಿ ಕಲಿತಿರಿ ಬಾಯಮ್ಮ?" ಎಂದು ಕೇಳಿದ್ದೆ.

"ನಮ್ಮ ಯೇಸು ಶಿಷ್ಯರ ಕಾಲು ತೊಳೆದ್ರು. ಗುರುವೇ ಬಗ್ಗಿದ ಮೇಲೆ ನಮ್ಮದೆಂತ ದೊಡ್ಡಸ್ತಿಕೆ?" ಎಂದು ಟವೆಲಿನಲ್ಲಿ ಕೈ ಒರೆಸಿಕೊಂಡರು.

ಬಸ್ಸಿನವನೊಬ್ಬ ಬಂದು, ಬಾಗ್ದಾದಿನ ಮೇಲೆ ಜೋರ್ಡಾನಿನ ಅಮ್ಮಾನಿಗೆ ಬಿಡುತ್ತೇನೆ, ಈಗಲೇ ಹೇಳಿ ಎಂದ ದಿನ ಸೌಟು ನನ್ನ ಕೈಯಲ್ಲಿತ್ತು. ಹೋಗುವುದೋ ಬೇಡವೋ? ದಾರಿ ಹೇಗಿದೆಯೋ ಯಾರು ಬಲ್ಲರು? ಎಲ್ಲರೂ ಬಾಯಮ್ಮನನ್ನು ನೋಡಿದರು. ಅವರು ಅಕ್ಕಿಯಲ್ಲಿ ಕಲ್ಲು ಹೆಕ್ಕುತ್ತ ತಲೆಯೆತ್ತದೆ, "ಇವತ್ತು ಸುಮತಿದ್ದು" ಎಂದರು. ನನಗೆ ಉರಿದುಹೋಯಿತು. ಇಷ್ಟು ಜನರ ಜೀವ ನನ್ನ ನಾಲಿಗೆಯ ತುದಿಗೆ ಕಟ್ಟಿದರಲ್ಲ! ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೂ ಕೇಳಿದೆ. ಆಮೇಲೆ "ಹೋಗುವಾ" ಎಂದೆ. ಹೇಳಿದ ಮೇಲೆ ಗಮನಿಸಿದೆ, ಅದು ಬಾಯಮ್ಮನ ಮಾತು.

ಅಮ್ಮಾನಿನ ನಿರಾಶ್ರಿತರ ಟೆಂಟುಗಳಿಂದ ನಮ್ಮವರು ಒಬ್ಬೊಬ್ಬರಾಗಿ ಊರಿನ ವಿಮಾನ ಹತ್ತಿದರು. ಉಳಿದವರು ನಾವಿಬ್ಬರೇ. ಇಬ್ಬರ ನಡುವೆಯೂ ಸೌಟಿನ ಸರದಿ ತಪ್ಪಲಿಲ್ಲ: ಒಂದು ದಿನ ಅವರು, ಒಂದು ದಿನ ನಾನು. ಒಂದು ಬೆಳಿಗ್ಗೆ ನಾನು ಗಂಜಿ ಬಡಿಸಲು ಹೊರಟಾಗ ಬಾಯಮ್ಮ ನನ್ನ ಕೈಯಲ್ಲಿದ್ದ ಸೌಟು ಹಿಡಿದರು. "ಕೊಡು ಇಲ್ಲಿ. ಇವತ್ತು ನನ್ನದು." ಧೂಳು, ಬಿಸಿಲು, ನಿದ್ದೆಯಿಲ್ಲದ ಕಣ್ಣು, ನನಗೇ ದಿನದ ಲೆಕ್ಕ ತಪ್ಪಿರಬಹುದು ಎಂದು ಕೊಟ್ಟೆ. ಮಧ್ಯಾಹ್ನ ಅಧಿಕಾರಿಯೊಬ್ಬ ಟೆಂಟಿಗೆ ತಲೆ ತೂರಿಸಿ, "ಏಕ್ ಸೀಟ್ ಹೈ, ಜಲ್ದಿ!" ಎಂದ.

ನಾನು ಬಾಯಮ್ಮನ ಮುಖ ನೋಡಿದೆ.

"ನನ್ನನ್ನೆಂತ ನೋಡುವುದು? ಸೌಟು ನನ್ನತ್ರ ಉಂಟಲ್ಲ. ನಾನು ಹಿಂದೆ. ಹೋಗು ಮಗಾ, ಗಂಡ ಕಾಯ್ತಾ ಇರ್ತಾನೆ."

ವಿಮಾನ ಮೇಲೇರಿದ ಮೇಲೆ ತಲೆಗೆ ಹೊಳೆಯಿತು. ಹಿಂದಿನ ದಿನ ಬಡಿಸಿದ್ದೂ ಅವರೇ! ಇವತ್ತಿನ ಸರದಿ ನನ್ನದು. ಸೀಟು ಒಂದೇ ಎಂದು ಬೆಳಿಗ್ಗೆಯೇ ಅವರ ಕಿವಿಗೆ ಬಿದ್ದಿತ್ತೇ, ಅಥವಾ ಹಾಗೇನಾದರೂ ಆದೀತೆಂದು ಅಂದಾಜು ಮಾಡಿದ್ದರೇ? ಇಂದಿಗೂ ನನಗೆ ಗೊತ್ತಿಲ್ಲ. ಕೇಳಲು ಅವರು ಮತ್ತೆ ಸಿಗಲಿಲ್ಲ.

ಯುದ್ಧ ಮುಗಿದು ತೊಂಬತ್ತೊಂದರಲ್ಲಿ ನಾವು ಅದೇ ಫ್ಲ್ಯಾಟಿಗೆ ಮರಳಿದೆವು. ಬಾಯಮ್ಮನ ಜೊತೆಗಿದ್ದ ನರ್ಸ್ ಹುಡುಗಿಯರಲ್ಲಿ ಒಬ್ಬಳು ಮೆಟ್ಟಿಲಲ್ಲಿ ಸಿಕ್ಕಿ ಹೇಳಿದಳು: "ಬಾಯಮ್ಮ ಬೊಂಬಾಯಲ್ಲಿ ತೀರಿಹೋದ್ರು ಅಕ್ಕಾ. ಮಗ ಹತ್ರವೇ ಇದ್ದ." ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಸಂಜೆ ಅಡುಗೆಮನೆಯಲ್ಲಿ ನಿಂತಾಗ ಗೋಡೆಯ ಆಚೆ ಸದ್ದಿರಲಿಲ್ಲ. ಕೇಳಿ ಕೇಳಿ ಆ ಕೊಂಕಣಿ ನನಗೆ ಬಾಯಿಪಾಠವಾಗಿತ್ತು. ಅರ್ಥ ಪೂರ್ತಿ ಗೊತ್ತಿರಲಿಲ್ಲ. ಬಾಯಮ್ಮನ ಅರ್ಧಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ಕಾದೆ. ಆಮೇಲೆ ಉಳಿದರ್ಧ ನಾನು ಹೇಳಿದೆ.