ಎರಡು ಗೇಟನ್ನೂ ತೋರಿಸುವ ಚಿಕ್ಕಬೀರಮ್ಮ

ಬೆಳಗಿನ ಐದೂಮುಕ್ಕಾಲು. ಬೀಚನಹಳ್ಳಿಯ ಹಿಂದಿನ ಬೀದಿಯಲ್ಲಿ, ಮಾದೇಶನ ಮನೆಯ ಜಗುಲಿಯ ಮೇಲೆ ಚಿಕ್ಕಬೀರಮ್ಮ ಕೂತಿದ್ದಾರೆ. ರೆಸಾರ್ಟ್ ಒಂದರಲ್ಲಿ ತೋಟದ ಕೆಲಸ ಮಾಡುವ ಮಾದೇಶ ಇನ್ನೂ ಮುಖ ತೊಳೆದಿಲ್ಲ. ಕೈ ನಡುಗುತ್ತಿರುವುದರಿಂದ ಹೆಂಡತಿ ಪುಷ್ಪಾ ಕೊಟ್ಟ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಾನೆ. ಕುಡಿಯುವವನ ಜೊತೆ ಮಾತಾಡುವುದಿದ್ದರೆ ಮದ್ಯದಂಗಡಿ ಬಾಗಿಲು ತೆಗೆಯುವ ಮುಂಚೆ ಮಾತಾಡಬೇಕು ಎಂಬುದು ಚಿಕ್ಕಬೀರಮ್ಮ ಕಂಡುಕೊಂಡ ಸತ್ಯ.

“ಒತ್ತೇರಿದ ಮ್ಯಾಲೆ ಎಣ್ಣೆ ಪಾಕೀಟು ಮಾತಾಡ್ತದೆ ಸಾ, ಇವ್ನಲ್ಲ,” ಎನ್ನುತ್ತಾರೆ.

ಐವತ್ತನಾಲ್ಕು ವರ್ಷದ ಚಿಕ್ಕಬೀರಮ್ಮ ತಾಲ್ಲೂಕು ಆಸ್ಪತ್ರೆಯೊಂದರ ಗಂಡಸರ ವಾರ್ಡಿನಲ್ಲಿ ಆಯಾ. ವಾರದ ರಜೆಯ ದಿನ ಅವರು ಮನೆಯಲ್ಲಿ ಸಿಗುವುದಿಲ್ಲ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಈ ನಾಲ್ಕು ತಾಲ್ಲೂಕಿನ ಯಾವುದಾದರೂ ಹಳ್ಳಿಯಲ್ಲಿ ಹೀಗೆ ಯಾರದೋ ಜಗುಲಿಯ ಮೇಲಿರುತ್ತಾರೆ. ಒಂಬತ್ತು ವರ್ಷದಲ್ಲಿ ಅರವತ್ತನಾಲ್ಕು ಜನರನ್ನು ಕುಡಿತ ಬಿಡಿಸುವ ಕೇಂದ್ರಗಳಿಗೆ ತಲುಪಿಸಿದ್ದಾರೆ. ಇಪ್ಪತ್ತಮೂರು ಜನ ಪೂರ್ತಿ ಬಿಟ್ಟಿದ್ದಾರೆ. ಹನ್ನೊಂದು ಜನ ತೀರಿಕೊಂಡಿದ್ದಾರೆ. ಉಳಿದವರ ವಿಷಯ ಕೇಳಿದರೆ ಕೈಯಾಡಿಸಿಬಿಡುತ್ತಾರೆ.

ಅವರಿಗೆ ಗೊತ್ತಿರುವುದು ಎರಡೇ ಕೇಂದ್ರ. ಒಂದು ಚರ್ಚಿನವರದು. ತೊಂಬತ್ತು ದಿನ, ಹಸು ತೊಳೆಯುವ ಕೆಲಸ, ಎರಡು ಹೊತ್ತು ಪ್ರಾರ್ಥನೆ. ಮತ ಬದಲಿಸು ಎಂದು ಯಾರೂ ಹೇಳುವುದಿಲ್ಲ, ಆದರೆ ಪ್ರಾರ್ಥನೆಯಲ್ಲಿ ಎಲ್ಲರೂ ಮಂಡಿಯೂರಬೇಕು. ಇನ್ನೊಂದರಲ್ಲಿ ದೇವರ ಸುದ್ದಿಯೇ ಇಲ್ಲ. ಮೂವತ್ತು ದಿನ ಡಾಕ್ಟರು, ಮಾತ್ರೆ, ಯೋಗ. ದಿನವೂ ಸಂಜೆ ಎಲ್ಲರೆದುರು ಎದ್ದು ನಿಂತು ತಾನು ಮಾಡಿದ್ದನ್ನೆಲ್ಲ ಹೇಳಬೇಕು. ಯಾವ ಗೇಟು ಹೊಕ್ಕರೂ ಅದಕ್ಕೆ ಮುಂಚೆ ಐದು ದಿನ ಆಸ್ಪತ್ರೆ ಕಡ್ಡಾಯ. ಏಕಾಏಕಿ ಬಿಡಿಸಿದರೆ ಫಿಟ್ಸ್ ಬರುವುದನ್ನು ಚಿಕ್ಕಬೀರಮ್ಮ ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದಾರೆ.

ಎರಡರಲ್ಲಿ ಯಾವುದು ಒಳ್ಳೆಯದು ಎಂದರೆ ಬಾಯಿ ಬಿಡುವುದಿಲ್ಲ. ಹೀಗಾಗಿ ಚರ್ಚಿನವರಿಗೆ ಇವರು ಆ ಕಡೆಯವರೆಂಬ ಗುಮಾನಿ, ಆ ಕಡೆಯವರಿಗೆ ಇವರು ಚರ್ಚಿನವರೆಂಬ ಗುಮಾನಿ. ಊರಿನವರಿಗೋ, ಎರಡೂ ಕಡೆಯಿಂದ ಕಮಿಷನ್ ಬರುತ್ತದೆಂಬ ದೃಢ ನಂಬಿಕೆ! ಸೋಮವಾರ ಬೀರೇದೇವರ ಗುಡಿಗೆ ಹೋಗುವುದನ್ನು ತಪ್ಪಿಸದ ಈ ಹೆಂಗಸು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹಾಗೆ ಬಾಯಿ ಬಿಡದಿರುವುದಕ್ಕೆ ಕಾರಣವಿದೆ. ಅವರು ಮೊದಲು ಕರೆದೊಯ್ದದ್ದು ಸ್ವಂತ ತಮ್ಮ ಕಾಂತರಾಜುವನ್ನು. ಚರ್ಚಿನ ಕೇಂದ್ರವೇ ಸರಿ ಎಂದು ತಾವೇ ತೀರ್ಮಾನಿಸಿ, ತಾಯಿಗೆ ‘ಆಸ್ಪತ್ರೆ’ ಎಂದಷ್ಟೇ ಹೇಳಿದ್ದರು. ಮೂರನೇ ವಾರ ತಾಯಿ ಮಗನನ್ನು ನೋಡಲು ಹೋದಾಗ ಅವನು ಶಿಲುಬೆಯ ಮುಂದೆ ಮಂಡಿಯೂರಿ ಹಾಡುತ್ತಿದ್ದ. ಮನೆದೇವರು ಮುನಿಯುತ್ತದೆಂದು ಅವತ್ತೇ ಕೈಹಿಡಿದು ಎಳೆದುಕೊಂಡು ಬಂದರು. ಏಳು ತಿಂಗಳಿಗೆ ಕಾಂತರಾಜು ಸತ್ತ.

“ತಪ್ಪು ನಮ್ಮವ್ವಂದಲ್ಲ, ಚರ್ಚ್‌ನೋರ್ದೂ ಅಲ್ಲ. ಅಲ್ಲಿ ಇಂಗಿಂಗೆ ಅದೆ ಅಂತ ನಾನು ಯೋಳ್ನಿಲ್ಲ. ಮುಚ್ಚಿಟ್ಟೆ,” ಎನ್ನುವಾಗ ಅವರ ದನಿಯಲ್ಲಿ ಏರುಪೇರಿಲ್ಲ. ಕೇಳುವವರಿಗೇ ಸಂಕಟವಾಗುತ್ತದೆ.

ಅಂದಿನಿಂದ ಒಂದೇ ಕ್ರಮ. ಗಂಡ ಹೆಂಡತಿ ಇಬ್ಬರನ್ನೂ ಕರೆದೊಯ್ದು ಎರಡೂ ಕಡೆ ತೋರಿಸುತ್ತಾರೆ, ಎರಡೂ ಕಡೆ ಒಂದೊಂದು ಊಟ ಮಾಡಿಸುತ್ತಾರೆ. ಆರಿಸಬೇಕಾದವನು ಕುಡಿಯುವವನೇ. ಆರಿಸಿದ್ದನ್ನು ಮನೆಯ ಹಿರಿಯರಿಗೆ ತನ್ನ ಬಾಯಿಂದಲೇ ಹೇಳಬೇಕು. ಹೇಳಲಾಗದವನನ್ನು ಇವರು ಬಸ್ಸು ಹತ್ತಿಸುವುದಿಲ್ಲ.

ಪುಷ್ಪಾಳ ಜೊತೆ ಎರಡೂ ಕಡೆ ನೋಡಿ ಬಂದಿರುವ ಮಾದೇಶನಿಗೆ ಇವತ್ತು ಹೇಳುವ ಸರದಿ. ಲಿವರ್ ಕೆಟ್ಟಿದೆ, ಹೀಗೇ ಕುಡಿದರೆ ಬರುವ ಯುಗಾದಿ ಕಾಣುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಈ ಸೀಮೆಯಲ್ಲಿ ಕುಡಿತ ಬಿಡುವವರು ಮೊದಲು ಹೋಗುವುದು ಮನೆದೇವರ ಗುಡಿಗೆ. ಕರ್ಪೂರ ಹಚ್ಚಿ, ಕೈ ಅಡ್ಡ ಹಿಡಿದು ಆಣೆ ಮಾಡುತ್ತಾರೆ. ಮಾದೇಶ ಎರಡು ಸಲ ಮಾಡಿದ್ದಾನೆ. ಮೊದಲನೆಯದು ನಲವತ್ತು ದಿನ ನಿಂತಿತು, ಎರಡನೆಯದು ಹನ್ನೊಂದು ದಿನ.

“ಯಾವ್ದಪ್ಪಾ?” ಚಿಕ್ಕಬೀರಮ್ಮ ಕೇಳುತ್ತಾರೆ.

“ಚರ್ಚ್‌ನೋರ್ದೇ ಆಗ್ಲಿ ಅಕ್ಕ.”

“ಯಾಕೆ ಅಂತ ನಿಮ್ಮವ್ವಂಗೆ ಯೋಳು.”

ಬಾಗಿಲಲ್ಲಿ ನಿಂತಿರುವ ತಾಯಿ ಚೆಲುವಮ್ಮ ಸೆರಗಿನ ತುದಿ ಹಿಡಿದುಕೊಂಡಿದ್ದಾರೆ. ಮಾದೇಶ ಲೋಟ ಕೆಳಗಿಡುತ್ತಾನೆ. ಚಿಕ್ಕಬೀರಮ್ಮ ಬೀದಿಯ ಕಡೆ ಮುಖ ತಿರುಗಿಸುತ್ತಾರೆ.

“ಅವ್ವಾ, ನಮ್ ದೇವ್ರ ಮುಂದೆ ಎಲ್ಡು ಸಲ ಸುಳ್ಳಾಡಿವ್ನಿ. ಇನ್ನ ಅದ್ರ ಮಕ ನೋಡಕ್ಕಾಗಕ್ಕಿಲ್ಲ. ಆ ದೇವ್ರಿಗೆ ನಾನಿನ್ನೂ ಸುಳ್ಳು ಯೋಳಿಲ್ಲ ಕಣವ್ವ.”

ಪುಷ್ಪಾ ಅತ್ತೆಯನ್ನೇ ನೋಡುತ್ತಿದ್ದಾಳೆ.

“ಅಲ್ಲಿ ಮಂಡಿ ಊರ್ಬೇಕಂತಲ್ಲ?” ಚೆಲುವಮ್ಮ ಕೇಳುತ್ತಾರೆ.

“ಊರ್ಬೇಕು,” ಎನ್ನುತ್ತಾನೆ ಮಾದೇಶ.

“ನೀ ಕುಡ್ದು ಚರಂಡಿತವ ಊರಿದ್ನ ಊರೆಲ್ಲ ನೋಡ್ಯದೆ. ಅದ್ಕಿಂತ ವಾಸಿ ಬುಡು. ನಾನೂ ಬತ್ತೀನಿ, ಅದೆಂಗದೆ ನೋಡ್ತೀನಿ.”

ಚಿಕ್ಕಬೀರಮ್ಮ ಎದ್ದು ಸೀರೆ ಕೊಡವಿಕೊಳ್ಳುತ್ತಾರೆ. ಮುಖದಲ್ಲಿ ಗೆಲುವಾಗಲಿ ನಿರಾಳವಾಗಲಿ ಕಾಣುವುದಿಲ್ಲ. ಆದರೆ ಬಸ್ ನಿಲ್ದಾಣದವರೆಗೂ ಚೆಲುವಮ್ಮನ ಕೈ ಬಿಡದೆ ನಡೆಯುತ್ತಾರೆ. ಐದು ದಿನ ಆಸ್ಪತ್ರೆ, ಆರನೇ ದಿನ ಕೇಂದ್ರ. ಅಮ್ಮ, ಮಗ, ಸೊಸೆ ಮೂವರೂ ಬಸ್ಸು ಹತ್ತುತ್ತಾರೆ.

ಬಿಟ್ಟ ಆ ಇಪ್ಪತ್ತಮೂರು ಜನ ನಿಮ್ಮನ್ನು ನೆನೆಯುತ್ತಾರಾ ಎಂದು ಕೇಳಿದರೆ ಚಿಕ್ಕಬೀರಮ್ಮ ಜೋರಾಗಿ ನಗುತ್ತಾರೆ.

“ಎಲ್ಲಿ ಸಾ! ಸಂತೇಲಿ ನನ್ನ ಕಂಡ್ರೆ ಪಕ್ಕಕ್ಕೆ ತಿರೀಕತ್ತರೆ. ನನ್ನ ಮಕ ನೋಡುದ್ರೆ ಕುಡೀತಿದ್ದ ಆ ದಿನ ಗ್ಯಾನಕ್ಕೆ ಬತ್ತದಲ್ಲ. ಮೊದಮೊದ್ಲು ಬೇಜಾರಾಗದು. ಈಗ ತಿರೀಕಂಡೋದ್ರೆ, ಸದ್ಯ ಚೆನ್ನಾಗವ್ನೆ ಅನ್ಕತೀನಿ.”

ಚಾಲಕ ಹಾರ್ನ್ ಹೊಡೆಯುತ್ತಾನೆ. ಚಿಕ್ಕಬೀರಮ್ಮ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಕಿಟಕಿಯ ಪಕ್ಕ ಕೂತ ಮಾದೇಶನ ಕಡೆ ನೋಡುತ್ತಾರೆ.

“ಬರೋ ವರ್ಸ ಇವ್ನೂ ನನ್ನ ಮಾತಾಡುಸ್ದೆ ಓಗ್ಲಿ ಸಾ. ಅಷ್ಟಾದ್ರೆ ಸಾಕು.”