ಸವಳು ನೀರಿನ ಪಾವಣೇರು

ಐನಾಪುರಕ್ಕೆ ಬಂದ ಸಂಜೆ ನಾನು ಮೊದಲು ಕಂಡದ್ದು ಮೀನಿನ ಸೂತಕವನ್ನು. ಬಾಡಿಗೆ ಕೋಣೆ ಕೇಳಲು ಹೋದ ಚಾಳಿನಲ್ಲಿ, ಎಂದರೆ ಒಂದೇ ಸಾಲಿನ ಮನೆಗಳ ವಠಾರದಲ್ಲಿ, ಎಲ್ಲರಿಗೂ ಸೇರಿದ ಗಾಜಿನ ತೊಟ್ಟಿಯೊಂದರ ಸುತ್ತ ಜನ ತಲೆತಗ್ಗಿಸಿ ನಿಂತಿದ್ದರು. ಒಳಗೆ ನೀಲಿ ಗೆರೆಯ ಒಂದೇ ಒಂದು ಪುಟ್ಟ ನಿಯಾನ್ ಟೆಟ್ರಾ ಮೂಲೆಗೆ ಅಂಟಿಕೊಂಡಿತ್ತು. ಅದರ ಬಳಗವೆಲ್ಲ ಆ ಬೆಳಿಗ್ಗೆ ಸತ್ತಿತ್ತು. ಕಡಲತಡಿಯ ನಮ್ಮೂರಿನಲ್ಲಿ ಸತ್ತ ಮೀನಿಗೆ ಹುಳಿಖಾರ ಅರೆಯುತ್ತಾರೆ. ಇಲ್ಲಿ ಮನೆಯೊಡತಿ ಸುಶೀಲಾ ಕಾಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ನಗು ಬಂತು. ಕೋಣೆ ಬೇಕಿದ್ದರಿಂದ ನುಂಗಿಕೊಂಡೆ.

ಅವರ ಯಜಮಾನರು ಅಪ್ಪಾಸಾಹೇಬ ಕಾಕಾ ಎಲ್ಲರೆದುರು ಹೇಳಿದರು: "ಘಟ್ಟ ಹಾಕೂದಿತ್ತಲ್ಲಾ, ಮನಿ ಎಲ್ಲಾ ತೊಳದ್ವಿ. ಮೀನಿನ ಮನಿ ಯಾಕ ಬಿಡಬೇಕಂತ ಅದನ್ನೂ ತಿಕ್ಕಿ ತೊಳದು ಬೋರಿನ ನೀರ ತುಂಬಿದ್ನಿ. ನನ್ನ ಕೈಲೇ ಆದ ಘಾತ ಇದು."

ನಗು ಅಲ್ಲಿಗೇ ನಿಂತಿತು. ನವರಾತ್ರಿಯ ಘಟ ಕೂರಿಸುವ ಮಡಿಯಲ್ಲಿ ಮೀನು ಸತ್ತದ್ದಕ್ಕಲ್ಲ, ಆ "ನನ್ನ ಕೈಲೇ" ಎಂಬ ಮಾತಿಗೆ. ನಾನು ಓದಿದ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಲಯದ ಚಾವಣಿ ಕುಸಿದಾಗ "ಲೋಪ ಸಂಭವಿಸಿದೆ" ಎಂದು ಬರೆದರು. ಲೋಪ ತಾನಾಗಿ ಸಂಭವಿಸಿತ್ತು, ಮಾಡಿದವರು ಯಾರೂ ಇರಲಿಲ್ಲ. ನಾನೀಗ ಇಲ್ಲಿನ ಕಾಲೇಜೊಂದರ ಅತಿಥಿ ಉಪನ್ಯಾಸಕಿ. ಪಾಠ ಪೂರ್ತಿ ನಮ್ಮದು, ನಮ್ಮ ನಾಳೆಗೆ ಹೊಣೆ ಯಾರೆಂದು ಕೇಳಿದರೆ ಕಡತವೂ ಮೌನ. ಇಲ್ಲಿ ಗಂಧದಕಡ್ಡಿಯ ತುಂಡಿನಷ್ಟಿರುವ ಮೀನುಗಳಿಗಾಗಿ ದ್ರಾಕ್ಷಿ ತೋಟದ ಒಡೆಯರಾದ ಹಿರಿಯರೊಬ್ಬರು ಬಾಡಿಗೆದಾರರ ಮುಂದೆ ತಪ್ಪೊಪ್ಪಿಕೊಳ್ಳುತ್ತಿದ್ದರು.

ಬೋರಿನ ನೀರಿಗೆ ಇಲ್ಲಿ "ಸವಳು" ಎನ್ನುತ್ತಾರೆ. ಉಪ್ಪುಮಿಶ್ರಿತ, ಗಡಸು. ನಮ್ಮೂರ ಬಾವಿನೀರಿನಲ್ಲಿ ಬೇಳೆ ಬೆಣ್ಣೆಯಾಗುತ್ತಿತ್ತು. ಇಲ್ಲಿ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯಿತು. ನನ್ನ ಕೂದಲು ತೆಂಗಿನ ನಾರಾಯಿತು.

ಹಬ್ಬ ಮುಗಿದ ಮೇಲೆ ತೊಟ್ಟಿಗೆ ಮುಂದೆ ಯಾವ ಮೀನು ತರಬೇಕೆಂಬ ಚರ್ಚೆ ಕಟ್ಟೆಯ ಮೇಲೆ ನಡೆಯಿತು.

"ಕಪ್ಪ ಮೋಲಿ ತರೂಣ್ರಿ," ಎಂದರು ಟೇಲರ್ ದಸ್ತಗೀರ ಮಾಮಾ. "ಸವಳ ನೀರಿಗಂತನ ಹುಟ್ಟ್ಯಾವ ಅವು, ನಮ್ಮಂಗ."

"ಮತ್ತ ಈ ಒಬ್ಬಂಟಿದು ಹೆಂಗ?" ಕಾಕು ಗಾಜಿನ ಮೂಲೆ ತೋರಿಸಿದರು. "ತನ್ನವ್ರ ಇಲ್ದ ಕೂಳ ಬಿಟ್ಟೈತಿ. ಹಿಂಗಾದ್ರ ಇದೂ ಹೋಗ್ತೈತಿ."

ಟೆಟ್ರಾ ಗುಂಪಿನಲ್ಲಿ ಬದುಕುವ ಮೀನು, ಮೆದು ನೀರಿನದು. ತಂದರೆ ಬಂದವು ಸಾಯಬಹುದು, ತರದಿದ್ದರೆ ಇದ್ದದ್ದು ಸಾಯಬಹುದು.

"ಟೆಟ್ರಾಗಳನ್ನೇ ತರೋಣ," ಎಂದೆ. "ಆದರೆ ಅವೂ ಸತ್ತರೆ ಉತ್ತರ ಕೊಡುವವರು ಯಾರು?"

"ಮೇಡಮ್ಮರ, ಬಂದ ದಿನದಿಂದ ವಿಚಾರಣಾನ ನಡಸಾಕತ್ತೀರಿ," ಎಂದರು ಮಾಮಾ. "ಮೀನಿಗೂ ವಕೀಲರ ಬೇಕೇನ್ರಿ?"

ಕಟ್ಟೆ ಗೊಳ್ಳೆಂದಿತು. ಕಾಕಾ ನಗಲಿಲ್ಲ. "ಕೇಳೂದ ಖರೇ ಐತಿ. ಫಿಲ್ಟರ್ ನೀರಿನ ಕ್ಯಾನ್ ನಾ ತರ್ತೀನಿ. ಬೋರಿನ ನೀರಿಗಿ ಅರ್ಧಾ ಕೂಡ್ಸಿ, ವಾರಾ ವಾರಾ ಸ್ವಲ್ಪ ಸ್ವಲ್ಪ ಬದಲ ಮಾಡೂಣು. ತಪ್ಪಿದ್ರ ಇಲ್ಲೇ ನಿಂದರ್ಸಿ ಕೇಳ್ರಿ."

"ಮೆಟ್ಟಲಾ ಹತ್ತಾಕ ಮಣಕಾಲ ನೋಯ್ತಾವ ಅಂತೀರಿ, ಕ್ಯಾನ್ ಹೊರ್ತೀರೇನ?" ಕಾಕು ಕುಟುಕಿದರು.

"ಹೊರ್ತೀನಿ ಬಿಡ."

ಹೊತ್ತರು. ಒಂದು ವಾರವೂ ತಪ್ಪಿಸಲಿಲ್ಲ. ತೊಟ್ಟಿಯ ನೀರು ಹದಕ್ಕೆ ಬಂದ ಮೇಲೆಯೇ ಮಿರಜಿನಿಂದ ಹೊಸ ಟೆಟ್ರಾಗಳು ಬಂದವು. ಅವನ್ನು ನೇರ ತೊಟ್ಟಿಗೆ ಬಿಡದೆ ದೊಡ್ಡ ಗಾಜಿನ ಭರಣಿಯಲ್ಲಿಟ್ಟು, ರೋಗವಿಲ್ಲವೆಂದು ಖಾತ್ರಿಯಾಗುವವರೆಗೆ ದಿನವೂ ತೊಟ್ಟಿಯ ನೀರನ್ನು ಲೋಟದಿಂದ ಬೆರೆಸುತ್ತ ಬಂದರು. ಚಾಳಿನವರು ಅವನ್ನು "ಪಾವಣೇರು" ಎಂದು ಕರೆದರು. ಮರಾಠಿಯಿಂದ ಬಂದ ಮಾತು; ಅತಿಥಿಗಳೂ ಹೌದು, ಬೀಗರೂ ಹೌದು.

ತೊಟ್ಟಿಗೆ ಬಿಟ್ಟ ದಿನ ಒಬ್ಬಂಟಿ ಮೀನು ಮೂಲೆ ಬಿಡಲಿಲ್ಲ. ಮರುದಿನ ಕಾಕು ಉದುರಿಸಿದ ಕೂಳಿಗೆ ಎಲ್ಲವೂ ಒಮ್ಮೆಗೇ ಏರಿದವು. ಯಾವುದು ಹಳೆಯದು, ಯಾವುದು ಹೊಸದು ಎಂದು ಗುರುತು ಸಿಗಲಿಲ್ಲ.

"ಇನ್ನ ಇವು ಪಾವಣೇರಲ್ಲ," ಎಂದರು ಕಾಕು. "ಇನ್ನ ಬೈಯಾಕ ಅಡ್ಡಿಯಿಲ್ಲ."

ಮೊನ್ನೆ ರಜೆಗೆ ಊರಿಗೆ ಹೋಗಿದ್ದೆ. ಅಮ್ಮ ಬಂದವರಿಗೆಂದು ಇಡುವ ಹೊಸ ತಟ್ಟೆ ಇಟ್ಟಳು. ತಡವಾಗಿ ಎದ್ದರೂ ಯಾರೂ ಗದರಲಿಲ್ಲ. ಬಾವಿಯ ನೀರು ಸಪ್ಪೆ ಎನಿಸಿತು. ಅಮ್ಮನ ಒತ್ತಾಯಕ್ಕೆ ರಜೆ ಮುಗಿದ ಮೇಲೂ ಉಳಿದು, ತಡವಾಗಿ ಹಿಂದಿರುಗಿದೆ. ಚಾಳಿನ ಬಾಗಿಲಲ್ಲೇ ಕಾಕು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅಲ್ಲಿಯವರೆಗೂ ನನ್ನನ್ನು "ಮೇಡಮ್ಮರ, ಬರ್ರಿ" ಎನ್ನುತ್ತಿದ್ದವರು.

"ಎಲ್ಲಿ ಹಾಳಾಗಿದ್ದೆಬೇ ಇಷ್ಟ ದಿನಾ? ಒಂದ ಫೋನ್ ಮಾಡಾಕ ಏನಾಗಿತ್ತ ನಿನಗ?"

ಊರೆಲ್ಲ ಉತ್ತರ ಕೇಳುತ್ತ ಬಂದವಳು ತೊಟ್ಟಿಯ ಮುಂದೆ ತಲೆತಗ್ಗಿಸಿ ನಿಂತೆ. ಕಾಕು ಕೊಟ್ಟ ತಂಬಿಗೆಯ ನೀರು ಮೊದಲ ಗುಟುಕಿಗೆ ಮತ್ತೆ ಉಪ್ಪೆನಿಸಿತು; ಎರಡನೆಯದಕ್ಕೆ ಬರೀ ನೀರು.